ಶನಿವಾರ ಮಕ್ಕಳ ತೂಕ ನೋಡುತ್ತೇವೆ, ತಪ್ಪದೇ ಬನ್ನಿ

ಎಲ್ಲ ಅಮ್ಮಂದಿರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 10.30ಕ್ಕೆ ನಮ್ಮ ಅಂಗನವಾಡಿಯಲ್ಲಿ 2 ವರ್ಷದೊಳಗಿನ ಮಕ್ಕಳ ತೂಕ, ಉದ್ದ ನೋಡುತ್ತೇವೆ. ಬಸುರಿಯರೂ ಬನ್ನಿ. ತಾಯಿ ಕಾರ್ಡ್ ತನ್ನಿ. ಅಜ್ಜಿಯರನ್ನೂ ಕರೆತನ್ನಿ, ಮಗುವಿಗೆ ಉಣಿಸುವವರು ಅವರೂ ಅಲ್ವಾ?

ಗುಂಡಗಿದ್ದರೆ ಮಗು ಗಟ್ಟಿ ಅಂದುಕೊಳ್ಳುತ್ತೇವೆ. ಆದರೆ ಉದ್ದಕ್ಕೆ ತಕ್ಕ ತೂಕ ಇದೆಯಾ ಅನ್ನೋದು ಮುಖ್ಯ, ಅದು ಕಣ್ಣಳತೆಗೆ ಸಿಗುವುದಿಲ್ಲ.

6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆ ರಾಗಿ ಸರಿ, ಮೆತ್ತಗೆ ಬೇಯಿಸಿದ ಅನ್ನ ಬೇಳೆ, ಹಿಸುಕಿದ ಬಾಳೆಹಣ್ಣು ಕೊಡಿ. ಸರಿಗೆ ಸಕ್ಕರೆ, ಬೆಲ್ಲ ಹಾಕಬೇಡಿ. ಹಾಲಲ್ಲಿ ಅದ್ದಿದ ಬಿಸ್ಕತ್ತೂ ಬೇಡ. ಮಗು ತುಟಿ ಬಿಗಿದು ಮುಖ ಆಚೆ ತಿರುಗಿಸಿದರೆ ಹೊಟ್ಟೆ ತುಂಬಿದೆ ಅಂತ ಅರ್ಥ. ಮೊಬೈಲ್ ತೋರಿಸಿ ಇನ್ನೊಂದು ತುತ್ತು ತುರುಕಬೇಡಿ. ಅತ್ತಾಗಲೆಲ್ಲ ಹಸಿವೇ ಆಗಿರುವುದಿಲ್ಲ. ನಿದ್ದೆ ಬಂದಿರಬಹುದು, ಬಟ್ಟೆ ಒದ್ದೆಯಾಗಿರಬಹುದು.

ಮಗು ದಪ್ಪ ಅಂತ ಸುಮ್ನೆ ನೀವೇ ಹಾಲು, ಊಟ ಕಡಿಮೆ ಮಾಡಲೂಬೇಡಿ. ಮೊದಲು ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ನೋಡೋಣ.

ಎದೆಹಾಲು ಸಾಲುತ್ತಿಲ್ಲ ಅನ್ನಿಸಿದರೆ ಡಬ್ಬಿ ಹಾಲು ತರುವ ಮೊದಲು ನನಗೋ ಆಶಾ ಅಕ್ಕನಿಗೋ ಫೋನ್ ಮಾಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.

ಬರುವವರು ಶುಕ್ರವಾರ ಸಂಜೆಯೊಳಗೆ ಮಗುವಿನ ಹೆಸರು, ಎಷ್ಟು ತಿಂಗಳು ಅಂತ ಇಲ್ಲಿ ಹಾಕಿ.