ಗಡಿಪಾರಿನ ಕತೆ ಬರೆದ ತಂಗಿಗೆ

ಪ್ರೀತಿಯ ತಂಗಿ,

ಧರ್ಮದಲ್ಲಿ ಸರ್ಕಾರ ಕೈಹಾಕಬಾರದೆಂದು ಹೇಳಿ ಗಡಿಪಾರಾದ ಬೋಧಕ ರೋಜರ್ ವಿಲಿಯಮ್ಸ್ ಬಗ್ಗೆ ನೀನು ಬರೆದ ಕತೆಯನ್ನು ಎರಡು ಸಲ ಓದಿದೆ. 1636ರ ಜನವರಿಯ ಹಿಮದಲ್ಲಿ ಅವನು ಅಮೆರಿಕದ ಸೇಲಂ ಊರಿನ ಮನೆ ಬಿಟ್ಟು ಹೊರಡುವ ಭಾಗ ಓದುವಾಗ ನನಗೇ ಚಳಿ ಹಿಡಿಯಿತು. ಆದರೆ ಅವನನ್ನು ಗಡಿಪಾರು ಮಾಡಿದ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು, ಅಂದರೆ ಚರ್ಚನ್ನು ಶುದ್ಧ ಮಾಡಬೇಕೆಂದ ಇಂಗ್ಲಿಷ್ ಪ್ರೊಟೆಸ್ಟಂಟರು, ನಿನ್ನ ಕತೆಯಲ್ಲಿ ಬರೀ ಕಟುಕರು. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಅವರೂ ಮನಸ್ಸಾಕ್ಷಿಗಾಗಿಯೇ ಊರು ಬಿಟ್ಟವರು, ಅಲ್ವಾ? ಬಿಷಪ್ಪರು ಹೇರಿದ ಆಚರಣೆಗಳಿಗೆ ಬೈಬಲ್ಲಿನಲ್ಲಿ ಆಧಾರವಿಲ್ಲವೆಂದು ಇಂಗ್ಲೆಂಡ್ ಬಿಟ್ಟು ಸಮುದ್ರ ದಾಟಿ ಬಂದರು. ಅಂಥವರು ಇನ್ನೊಬ್ಬನನ್ನು ಹೇಗೆ ಓಡಿಸಿದರು? ನಿನ್ನ ಕತೆಯ ಜೀವ ಈ ಪ್ರಶ್ನೆಯಲ್ಲಿದೆ.

ಬಾಸ್ಟನ್ನಿನ ಬೋಧಕ ಜಾನ್ ಕಾಟನ್ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಮುಖ್ಯ ವಿಷಯಗಳಲ್ಲಿ ದೇವರ ಮಾತು ಸ್ಪಷ್ಟವಾಗಿದೆ. ತಪ್ಪಿದವನಿಗೆ ಒಂದೆರಡು ಸಲ ತಿಳಿಹೇಳಬೇಕು. ಆಮೇಲೂ ಹಟ ಹಿಡಿದರೆ ಅವನು ತನ್ನ ಮನಸ್ಸಾಕ್ಷಿಗೇ ಎದುರಾಗಿ ನಡೆಯುತ್ತಿದ್ದಾನೆ. ಹಾಗಾಗಿ ಶಿಕ್ಷೆ ಮನಸ್ಸಾಕ್ಷಿಗಲ್ಲ, ಅದನ್ನು ಮೀರಿದ್ದಕ್ಕೆ! ಓದಿದಾಗ ನನಗೆ ಭಯವಾಯಿತು, ಯಾಕೆಂದರೆ ಅವನು ಇದನ್ನು ನಂಬಿ ಹೇಳಿದ. ಈ ವಾದವನ್ನು ಕತ್ತರಿಸದೆ ಅವನ ಬಾಯಲ್ಲಿ ಆಡಿಸು.

ವಿಲಿಯಮ್ಸ್‌ನನ್ನೂ ನಮ್ಮ ಕಾಲದ ಉದಾರವಾದಿಯಾಗಿ ಮಾಡಬೇಡ. ಅವನು ಅವರಿಗಿಂತ ಜಾಸ್ತಿ ಕಟ್ಟುನಿಟ್ಟು. ಬಾಸ್ಟನ್ ಚರ್ಚು ಇಂಗ್ಲೆಂಡಿನ ಚರ್ಚಿನ ನಂಟನ್ನು ಪೂರ್ತಿ ಕಡಿದುಕೊಂಡಿಲ್ಲ ಎಂದು 1631ರಲ್ಲಿ ಅಲ್ಲಿನ ಬೋಧಕನ ಕೆಲಸವನ್ನೇ ಬೇಡವೆಂದ. ಸರ್ಕಾರ ಕೈಹಾಕಿದರೆ ಚರ್ಚು ಮೈಲಿಗೆಯಾಗುತ್ತದೆ, ಬಲವಂತದ ಆರಾಧನೆ ದೇವರಿಗೆ ಸಲ್ಲದು ಎಂಬುದು ಅವನ ಸಂಕಟ. ಒಳಗಿನ ಬೆಳಕೇ ದಾರಿ ಎನ್ನುವ ಕ್ವೇಕರ್ ಪಂಥದವರ ನಂಬಿಕೆ ಅವನಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. 1672ರಲ್ಲಿ, ಮುದುಕನಾದ ಮೇಲೂ, ಅವರ ಜೊತೆ ದಿನಗಟ್ಟಲೆ ವಾದ ಮಾಡಿದ. ಆದರೂ ಅವನು ಕಟ್ಟಿದ ವಸಾಹತು ರೋಡ್ ಐಲೆಂಡಿನಲ್ಲಿ ಅವರಿಗೆ ಜಾಗವಿತ್ತು.

ಜಾನ್ ವಿಂತ್ರಾಪ್‌ನನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. 1637ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಆಗಿ ಕೂತು, ಮನೆಯಲ್ಲಿ ಧರ್ಮದ ಸಭೆ ನಡೆಸುತ್ತಿದ್ದ ಆನ್ ಹಚಿನ್ಸನ್‌ಳನ್ನು ವಿಚಾರಣೆ ಮಾಡಿ ಹೊರಗೆ ಹಾಕಿದವನು ಅವನೇ, ನಿಜ. ಆದರೆ ಅದಕ್ಕೂ ಮುಂಚೆ, ಗಡಿಪಾರಾದ ವಿಲಿಯಮ್ಸ್‌ಗೆ ಗುಟ್ಟಾಗಿ ಪತ್ರ ಬರೆದು ಮ್ಯಾಸಚೂಸೆಟ್ಸ್ ಗಡಿಯಾಚೆಯ ನರಗಾನ್ಸೆಟ್ ಕೊಲ್ಲಿಯ ಕಡೆ ಹೋಗು ಎಂದವನೂ ಅವನೇ. ಸುಮಾರು ಮೂವತ್ತೈದು ವರ್ಷವಾದ ಮೇಲೂ ವಿಲಿಯಮ್ಸ್ ಆ ಪತ್ರವನ್ನು ಪ್ರೀತಿಯಿಂದ ನೆನೆದಿದ್ದಾನೆ.

ಅಧಿಕಾರದಲ್ಲಿದ್ದುಕೊಂಡೇ ಆ ಪತ್ರ ಬರೆಯಲು ಕೂತ ವಿಂತ್ರಾಪ್‌ನನ್ನು ನಿನ್ನ ಕತೆಯೊಳಗೆ ಕರೆದು ತಾ. ಅವಸರ ಬೇಡ. ತಿದ್ದಿದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಣ್ಣ