‘ಆ ಕಾಲದ ಮಿತಿ’ ಅಂತ ಬರೆಯಬೇಡ, ತಂಗಿ

ಪ್ರೀತಿಯ ತಂಗಿ,

ಹಳೆಯ ಹಾಲಿವುಡ್ ರೊಮ್ಯಾಂಟಿಕ್ ಕಾಮಿಡಿಗಳ ಬಗ್ಗೆ ನೀನು ಬರೆದ ಲೇಖನ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. ಕಳಿಸಿದ ಕಡೆಯಿಂದೆಲ್ಲ ವಾಪಸ್ ಬಂತು, ಇನ್ನು ಬರೆಯುವುದಿಲ್ಲ ಅಂದಿದ್ದೀಯ. ಬರೆಯದೆ ಇರುವುದು ನಿನ್ನ ಕೈಲಿ ಆಗುವುದಿಲ್ಲ, ಲೇಖನ ನೋಡಿದರೇ ಗೊತ್ತಾಗುತ್ತದೆ. ಉದ್ದ ಎಷ್ಟಿರಬೇಕು, ಯಾರಿಗೆ ಕಳಿಸಬೇಕು ಅನ್ನುವುದೆಲ್ಲ ಬರೆಯುತ್ತಾ ತಾನಾಗಿ ತಿಳಿಯುತ್ತದೆ, ಬಿಡು.

ನನಗೆ ಸಿಟ್ಟು ಬಂದದ್ದು ಒಂದೇ ಸಾಲಿಗೆ. ‘ಈ ಸಿನಿಮಾಗಳಲ್ಲಿ ವೈವಿಧ್ಯ ಕಡಿಮೆ, ಅದು ಆ ಕಾಲದ ಮಿತಿ’ ಅಂತ ಬರೆದು, ಮರುಸಾಲಿಗೇ ನಟಿ ಆಡ್ರಿ ಹೆಪ್‌ಬರ್ನ್ ಟೋಪಿಯ ಚೆಂದಕ್ಕೆ ಹೋಗಿಬಿಟ್ಟಿದ್ದೀಯ.

ಕಾಲ ತಾನಾಗಿ ಏನು ಮಾಡುತ್ತದಮ್ಮ? ಮಾಡಿದವರು ಮನುಷ್ಯರು. 1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿಗೆ ತಂದ ಪ್ರೊಡಕ್ಷನ್ ಕೋಡ್‌ ಅನ್ನುವ ಹಾಲಿವುಡ್‌ನ ನಿಯಮಾವಳಿಯಲ್ಲಿ, ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮ ಸಂಬಂಧ ತೋರಿಸಬಾರದು ಅಂತ ಕಟ್ಟಪ್ಪಣೆಯೇ ಇತ್ತು. ಪ್ರೇಮಕಥೆಯೊಳಗೆ ಯಾರು ಬರಬೇಕು, ಯಾರು ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲಬೇಕು ಅಂತ ಕೂತು ತೀರ್ಮಾನ ಮಾಡಿದ್ದರು. ಆ ಪಕ್ಕಕ್ಕೆ ನಿಂತವರನ್ನು ನೋಡು ಅನ್ನುವುದೊಂದೇ ನನ್ನ ಮಾತು.

1948ರ ‘ಮಿಸ್ಟರ್ ಬ್ಲಾಂಡಿಂಗ್ಸ್ ಬಿಲ್ಡ್ಸ್ ಹಿಸ್ ಡ್ರೀಮ್ ಹೌಸ್’ ಇನ್ನೊಮ್ಮೆ ಹಾಕಿಕೊಂಡು ನೋಡು. ಅದರಲ್ಲಿ ನಾಯಕ ಕ್ಯಾರಿ ಗ್ರಾಂಟ್ ಜಾಹೀರಾತು ಕಂಪನಿಯವನು. ‘ವ್ಯಾಮ್’ ಅನ್ನುವ ಹ್ಯಾಮ್‌ಗೆ (ಹಂದಿಮಾಂಸಕ್ಕೆ) ಒಂದು ಜಾಹೀರಾತು ಸಾಲು ಹೊಳೆಯದೆ ನೌಕರಿಯೇ ಹೋಗುವ ಹಾಗಾಗಿದೆ. ಆ ಸಾಲು ಸಲೀಸಾಗಿ ಬರುವುದು ತಿಂಡಿ ತಂದಿಡುವ ಮನೆಗೆಲಸದ ಗಸ್ಸಿಯ ಬಾಯಲ್ಲಿ. ಆ ಪಾತ್ರ ಮಾಡಿದವಳು ಲೂಯಿಸ್ ಬೀವರ್ಸ್, ಮನೆಗೆಲಸದವಳ ಪಾತ್ರಗಳಲ್ಲೇ ಸವೆದ ದೊಡ್ಡ ಕಪ್ಪು ನಟಿ. ಅವನ ನೌಕರಿ ಉಳಿಯುತ್ತದೆ. ಗಸ್ಸಿಗೆ ಹತ್ತು ಡಾಲರ್ ಸಂಬಳ ಜಾಸ್ತಿ ಮಾಡು ಅಂತಾನೆ ಹೆಂಡತಿಗೆ. ಅಷ್ಟೇ. ಬರೆಯುವವಳಾಗಿ ನೀನು ಅಲ್ಲಿ ನಿಲ್ಲಬೇಕಿತ್ತು ಅಲ್ವಾ? ಇಡೀ ಸಿನಿಮಾದಲ್ಲಿ ಸರಿಯಾದ ಸಾಲು ಹೊಳೆದದ್ದು ಅವಳೊಬ್ಬಳಿಗೆ.

ಒಮ್ಮೆ ಇಂಥ ಪಾತ್ರಗಳ ಮೇಲೆ ನಾನು ಬರೆದ ಪ್ಯಾರಾವನ್ನು ಒಬ್ಬ ಸಂಪಾದಕರು ಪೂರ್ತಿ ಹೊಡೆದುಹಾಕಿದರು. ‘ಜನ ನಗಲಿ ಬಿಡಿ’ ಅಂದರು. ಆ ಸಿಟ್ಟು ಇನ್ನೂ ಹೋಗಿಲ್ಲ. ನಿನ್ನ ಪ್ಯಾರಾವನ್ನು ಯಾರೂ ಹೊಡೆಯುವ ಮೊದಲೇ ನೀನೇ ಬರೆಯದೆ ಬಿಟ್ಟಿದ್ದೀಯಲ್ಲ, ಅದಕ್ಕೇ ಇಷ್ಟು ಬೈಯುತ್ತಿರುವುದು.

ಟೋಪಿಯ ಸಿನಿಮಾ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ 1961ರದು. ಅದೇ ಸಿನಿಮಾದಲ್ಲಿ ಬಿಳಿಯ ನಟ ಮಿಕಿ ರೂನಿ ಉಬ್ಬುಹಲ್ಲು ಕಟ್ಟಿಕೊಂಡು ಜಪಾನಿನವನಾಗಿ ಕಿರುಚಾಡುತ್ತಾನೆ. ಅದರ ಬಗ್ಗೆ ನಿನ್ನ ಲೇಖನದಲ್ಲಿ ಒಂದಕ್ಷರ ಇಲ್ಲ. ಆಗ ಏಷ್ಯಾ ಮೂಲದ ನಟರೇ ಇರಲಿಲ್ಲ ಅನ್ನಬೇಡ. ಅದೇ ವರ್ಷ ‘ಫ್ಲವರ್ ಡ್ರಮ್ ಸಾಂಗ್’ ಬಂತು. ಜೇಮ್ಸ್ ಶಿಗೆಟಾ, ನ್ಯಾನ್ಸಿ ಕ್ವಾನ್ ಹಾಡಿ ಕುಣಿದು ಪ್ರೀತಿ ಮಾಡಿದರು. (ಅದರಲ್ಲೂ ಒಬ್ಬ ಚೀನಿ ಹೆಂಗಸಿನ ಪಾತ್ರ ಮಾಡಿದ್ದು ಕಪ್ಪು ನಟಿ ಹ್ವಾನಿಟಾ ಹಾಲ್. ಅದನ್ನೂ ಬರೆ.) ಒಂದೇ ವರ್ಷದ ಎರಡು ಸಿನಿಮಾ ಪಕ್ಕಪಕ್ಕ ಇಟ್ಟರೆ ‘ಕಾಲದ ಮಿತಿ’ ಅನ್ನುವ ಮಾತು ನಿಲ್ಲುವುದೇ ಇಲ್ಲ.

ಟೋಪಿಯ ಪ್ಯಾರಾ ತೆಗೆಯಬೇಡ. ಚೆನ್ನಾಗಿದೆ, ಓದುತ್ತಾ ಖುಷಿಯಾಯಿತು. ನನಗೂ ಆ ಸಿನಿಮಾಗಳೆಂದರೆ ಪ್ರಾಣ.

ಇನ್ನು ನಟಿ ಮರ್ಲ್ ಓಬೆರಾನ್. ಅವಳ ನಗು ಇಷ್ಟ ಅಂತ ಸುಮ್ನೆ ಒಂದು ಸಾಲು ಬರೆದು ಬಿಟ್ಟಿದ್ದೀಯ. ಅವಳು ಹುಟ್ಟಿದ್ದು ಬಾಂಬೆಯಲ್ಲಿ, ಬೆಳೆದದ್ದು ಕಲ್ಕತ್ತಾದಲ್ಲಿ. 1941ರಲ್ಲಿ ನಿರ್ದೇಶಕ ಲುಬಿಚ್‌ನ ಕಾಮಿಡಿಗೆ ನಾಯಕಿ. ಆದರೆ ತಾನು ಟಾಸ್ಮೇನಿಯಾದವಳು ಅಂತಲೇ ಲೋಕಕ್ಕೆ ಹೇಳಿಕೊಂಡು ಬದುಕಿದಳು. ನಮ್ಮ ದೇಶದ ಹುಡುಗಿಯೊಬ್ಬಳು ಆ ಪ್ರೇಮಕಥೆಗಳ ನಟ್ಟನಡುವೆ ನಿಂತಿದ್ದಳು, ಹುಟ್ಟಿದ ಊರನ್ನು ಮುಚ್ಚಿಟ್ಟು. ಅವಳನ್ನು ಈ ಲೇಖನದಲ್ಲಿ ತುರುಕಬೇಡ, ಅವಳಿಗೆ ಬೇರೆಯದೇ ಬೇಕು. ಮೊದಲು ಇದನ್ನು ತಿದ್ದಿ ನನಗೆ ಕಳಿಸು. ತಡ ಮಾಡಬೇಡ.

ನಿನ್ನ ಅಕ್ಕ