ಕಾಗದದಲ್ಲಿ ಇಲ್ಲದ ಸಾವು

ಸಂಪಾದಕರೇ,

ರಾಜಕಾರಣಿಗಳು ಸುಳ್ಳು ಹೇಳುತ್ತಾರೆ ಅಂತ ನಾವು ದಿನಾ ಬೈಯುತ್ತೇವೆ. ಆದರೆ ಒಂದು ಸುಳ್ಳನ್ನೂ ಹೇಳದೆ ನಿಜವನ್ನು ಮುಚ್ಚಿಹಾಕುತ್ತಾರಲ್ಲ, ನನಗೆ ಅದೇ ಜಾಸ್ತಿ ಸಂಕಟ.

ಕೋವಿಡ್ ಎರಡನೇ ಅಲೆಯ ಹೊತ್ತಿನ, 2021ರ ಮೇ 2 ಮತ್ತು 3ರ ನಡುವಿನ ರಾತ್ರಿ ನೆನಪಿದೆ ಅಲ್ವಾ? ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಜನ ತೀರಿಕೊಂಡರು. ಎಲ್ಲರೂ ಆಕ್ಸಿಜನ್ ಇಲ್ಲದೆ ಸತ್ತರು ಅನ್ನುವುದು ಸರಿಯಲ್ಲ ಅಂತ ಆಗಿನ ಮಂತ್ರಿಗಳು ಹೇಳಿದರು. ಆಮೇಲೆ ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ, ಸಾವಿಗೆ ಆಕ್ಸಿಜನ್ ಕೊರತೆಯೇ ಕಾರಣ ಅಂತ ಅದೇ ತಿಂಗಳು ವರದಿ ಕೊಟ್ಟಿತು.

ಇಷ್ಟೆಲ್ಲ ಆದ ಮೇಲೆ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರ ಏನು ಉತ್ತರ ಕೊಟ್ಟಿತು ನೋಡಿ: ಆರೋಗ್ಯ ರಾಜ್ಯಗಳ ವಿಷಯ, ಆಕ್ಸಿಜನ್ ಕೊರತೆಯಿಂದ ಸಾವು ಆಗಿದೆ ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ.

ಆ 'ನಿರ್ದಿಷ್ಟವಾಗಿ' ಅನ್ನುವ ಪದ ಏನು ಮಾಡುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಅದೇ ಮೇ ತಿಂಗಳಲ್ಲಿ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ನನ್ನ ಸೋದರಮಾವನ ಬೆರಳಿಗೆ ಹಾಕಿದ್ದ ಆಕ್ಸಿಮೀಟರ್ 84 ತೋರಿಸುತ್ತಿದ್ದದ್ದು 70ಕ್ಕೆ ಇಳಿಯಿತು, ನರ್ಸಮ್ಮ ಸಿಲಿಂಡರ್ ಬರ್ತಿದೆ, ದಾರಿಯಲ್ಲಿದೆ ಅಂತ ಹೇಳುತ್ತಲೇ ಇದ್ದರು, ಅತ್ತೆ ಮೆಟ್ಟಿಲ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದರು. ಸಿಲಿಂಡರ್ ಬರಲಿಲ್ಲ. ಆಮೇಲೆ ಕೈಗೆ ಬಂದ ಕಾಗದದಲ್ಲಿ ಇದ್ದದ್ದು ಕೋವಿಡ್ ನ್ಯುಮೋನಿಯಾ, ಉಸಿರಾಟದ ವೈಫಲ್ಯ, ಅಷ್ಟೇ. ಡಾಕ್ಟರ್ ಬರೆದದ್ದು ತಪ್ಪಲ್ಲ. ರೋಗದ ಹೆಸರು ಬರೆಯುವ ಕಡೆ ಸಿಲಿಂಡರ್ ಬರಲಿಲ್ಲ ಅಂತ ಯಾರೂ ಬರೆಯುವುದಿಲ್ಲ. ಅಂಥ ಕಾಗದಗಳೇ ಜಿಲ್ಲೆಗೆ, ಬೆಂಗಳೂರಿಗೆ, ದೆಹಲಿಗೆ ಹೋಗುತ್ತವೆ. ಕೊನೆಗೆ ಒಬ್ಬರು ಎದ್ದು ನಿಂತು, ನಮಗೆ ವರದಿ ಬಂದಿಲ್ಲ ಅಂತಾರೆ. ಅಕ್ಷರಶಃ ನಿಜವೇ. ಆದರೆ ಬೀದಿಬೀದಿಯಲ್ಲಿ ಜನ ಸಿಲಿಂಡರ್ ಹುಡುಕಿಕೊಂಡು ಅಲೆದದ್ದನ್ನು ಇಡೀ ದೇಶವೇ ನೋಡಿತ್ತಲ್ಲ!

ಇದನ್ನು ಒಂದು ಪಕ್ಷದ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ. ಆಗ ಬೇರೆ ಪಕ್ಷಗಳ ಸರ್ಕಾರ ಇದ್ದ ಮಹಾರಾಷ್ಟ್ರ, ಛತ್ತೀಸಗಡದ ಮಂತ್ರಿಗಳೂ ನಮ್ಮಲ್ಲಿ ಅಂಥ ಸಾವು ಇಲ್ಲ ಅಂತಲೇ ಹೇಳಿದರು. ಲೆಕ್ಕ ಕೇಳುವಾಗ ಎಲ್ಲರದ್ದೂ ಒಂದೇ ಮಾತು. ಸದನದಲ್ಲಿ ಕೂತವರಿಗೆ ಚಾಮರಾಜನಗರದ ವಿಷಯ ಗೊತ್ತಿರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆ. ಮಂತ್ರಿಗಳು 'ಅಂಥ ಮಾಹಿತಿ ಇಲ್ಲ' ಅಂದ ಸುದ್ದಿಯನ್ನು ಸುಮ್ನೆ ಹಾಗೇ ಹಾಕಬೇಡಿ. ಆ ಮಾಹಿತಿ ಕೊಡಿ ಅಂತ ಕೆಳಗಿನವರನ್ನು ಕೇಳಿದ್ದು ಯಾರು, ಯಾವಾಗ, ಯಾವ ನಮೂನೆಯಲ್ಲಿ, ಅದನ್ನು ವಿಚಾರಿಸಿ ಪಕ್ಕದಲ್ಲೇ ಹಾಕಿ. ಅತ್ತೆ ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ, ಯಾರಾದರೂ ಬಂದು ಕೇಳಿದರೆ ತೋರಿಸೋಣ ಅಂತ. ಇವತ್ತಿನವರೆಗೆ ಯಾರೂ ಬಂದಿಲ್ಲ.

– ಓದುಗ, ನಂಜನಗೂಡು